ಆರನೇ ಕಾಯಿ

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಬಿಸಿಎ ಹುಡುಗರಿಗೆ ಪಾಠ ಮಾಡುತ್ತಿದ್ದೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದಿಂದ ಬೆಳಿಗ್ಗೆ ಬಸ್ಸು ಹಿಡಿದು ಬರೋರೇ ಹೆಚ್ಚು. ಪ್ರಾಕ್ಟಿಕಲ್ ಪರೀಕ್ಷೆ ದಿನ ಹೊಸದುರ್ಗ ಕಡೆಯ ಹುಡುಗನೊಬ್ಬ ಚೀಟಿ ಎತ್ತಿದ. ಬಬಲ್ ಸಾರ್ಟ್ ಬಂತು. ಒಂದು ಸೆಮಿಕೋಲನ್ನೂ ತಪ್ಪದೆ ಬರೆದು, ಐದು ಸಂಖ್ಯೆ ಕೊಟ್ಟು ಔಟ್‌ಪುಟ್ ತೋರಿಸಿದ.

"ಆರು ಸಂಖ್ಯೆ ಕೊಟ್ಟು ತೋರ್ಸಪ್ಪಾ" ಅಂದೆ.

ಮುಖ ಸಪ್ಪಗಾಯಿತು. "ಸಾರ್, ರೆಕಾರ್ಡಲ್ಲಿ ಐದೇ ಇರೋದು."

ನಗು ಬಂತು. ಆಮೇಲೆ ನಾಚಿಕೆಯಾಯ್ತು. ಆ ರೆಕಾರ್ಡಿನ ಪುಟಪುಟಕ್ಕೂ ಸಹಿ ಹಾಕಿದ್ದು ನಾನೇ. ಡೊನಾಲ್ಡ್ ಕ್ನೂತ್ 1973ರಲ್ಲಿ ವಿಂಗಡಣೆ ಮತ್ತು ಹುಡುಕಾಟದ ಮೇಲೇ ಒಂದು ದಪ್ಪ ಸಂಪುಟ ತಂದರು. ನಾವು ಅದನ್ನು ಐದು ಸಂಖ್ಯೆಗೆ ಇಳಿಸಿದ್ದೆವು.

ಉರು ಹೊಡೆಯೋದು ಮೋಸವೇ? ಅವನೇನೂ ಕಾಪಿ ಮಾಡಿರಲಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದಿದ್ದರೂ ರಾತ್ರಿಯೆಲ್ಲ ಕೂತು ಸಾಲುಸಾಲು ಬಾಯಿಪಾಠ ಮಾಡಿದ್ದ. ಅದೂ ಶ್ರಮವೇ. ಅವನ ಲೆಕ್ಕಾಚಾರವೂ ಸರಿ: ಪಟ್ಟಿಯಲ್ಲಿರೋ ಪ್ರೋಗ್ರಾಮೇ ಬರುತ್ತೆ, ಮಾರ್ಕ್ಸ್ ಬಂದರೆ ಬೆಂಗಳೂರಲ್ಲಿ ಇಂಟರ್‌ವ್ಯೂಗಾದರೂ ಕರೀತಾರೆ. ಅಂಥವನಿಗೆ "ಜ್ಞಾನಕ್ಕಾಗಿ ಕಲಿ" ಅಂತ ಉಪದೇಶ ಮಾಡೋದು ತಿಂಗಳ ಸಂಬಳ ಬರೋ ನನಗೆ ಸುಲಭ.

ಆದರೂ ಎಲ್ಲೋ ಮೋಸ ಇದೆ. "ಇವನಿಗೆ ಇದು ಬರುತ್ತೆ" ಅಂತ ನಾವಿಬ್ಬರೂ ಸೇರಿ ಮೂರನೆಯವರಿಗೆ ಮಾತು ಕೊಡ್ತಿದ್ದೀವಿ. ನಾಳೆ ಇವನು ಬರೆದ ಪ್ರೋಗ್ರಾಮು ಯಾವುದೋ ಸೊಸೈಟಿಯಲ್ಲಿ ರೈತರ ಬಡ್ಡಿ ಲೆಕ್ಕ ಹಾಕಬಹುದು. ಆರನೇ ರೈತನ ಲೆಕ್ಕ ತಪ್ಪಿದರೆ ಯಾರು ಹೊಣೆ?

ಪರೀಕ್ಷೆ ಮುಗಿದ ಮೇಲೆ ಕೂರಿಸಿಕೊಂಡು ಕೇಳಿದೆ: "ನಿಮ್ ತೋಟದ ತೆಂಗಿನಕಾಯಿ ಸಾಲಾಗಿಟ್ಟಿದಾರೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸ್ಬೇಕು. ಒಂದ್ಸಲಕ್ಕೆ ಎರಡೇ ಕಾಯಿ ಮುಟ್ಬೇಕು. ಹೆಂಗೆ ಮಾಡ್ತೀಯ?"

"ಪಕ್ಕಪಕ್ಕದ್ದು ನೋಡ್ತೀನಿ ಸಾರ್. ಎಡಗಡೇದು ದೊಡ್ಡದಿದ್ರೆ ಅದಲುಬದಲು. ಹಂಗೇ ಕೊನೇತನಕ ಹೋದ್ರೆ ಎಲ್ಲಕ್ಕಿಂತ ದೊಡ್ಡದು ತುದೀಗೆ ಬರುತ್ತೆ. ಮತ್ತೆ ಮೊದಲಿಂದ."

"ಆರನೇ ಕಾಯಿ ಬಂದ್ರೆ?"

"ಎಷ್ಟಾದ್ರೂ ಬರ್ಲಿ ಸಾರ್..." ಅಂದವನು ಗಕ್ಕನೆ ನಿಂತ. ಕೀಬೋರ್ಡ್ ಎಳೆದುಕೊಂಡ. ಎರಡು ಸಲ ತಪ್ಪಿತು, ಮೂರನೇ ಸಲ ಆರೂ ಸಂಖ್ಯೆ ಸಾಲಾಗಿ ಬಂದವು. ಬಬಲ್ ಸಾರ್ಟ್ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದೆ ಅಂತ ನಾವ್ಯಾರೂ ಹೇಳಿರಲಿಲ್ಲ.

ಈಗಿನ ಹುಡುಗರಿಗೆ ಉರು ಹೊಡೆಯೋ ಕಷ್ಟವೂ ಇಲ್ಲ. ಚಾಟ್‌ಜಿಪಿಟಿ ಕೇಳಿದರೆ ಬರೆದುಕೊಡುತ್ತೆ. ಆದರೆ "ಆರನೇದು ಬಂದ್ರೆ?" ಅನ್ನೋ ಪ್ರಶ್ನೆ ಹಾಗೇ ಇದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನೋದೇ ಪ್ರಾಮಾಣಿಕತೆ. ಆ ಮಾತಿಗೆ ಮಾರ್ಕ್ಸ್ ಕಳೆಯೋರು ನಾವೇ.

ಅವನಿಗೆ ಅವತ್ತು ಪೂರ್ತಿ ಮಾರ್ಕ್ಸ್ ಕೊಟ್ಟೆ. ಕೊಟ್ಟಿದ್ದು ಸರೀನಾ ಅಂತ ಈಗಲೂ ಯೋಚಿಸ್ತೀನಿ. ನೀವಾಗಿದ್ದರೆ ಎಷ್ಟು ಕೊಡ್ತಿದ್ರಿ?