ಇಂದಿನ ಧಮ್ಮ ಚಿಂತನೆ: ನಿವೃತ್ತರ ಮೋಡದ ದಿನ





ಸಂಯುತ್ತ ನಿಕಾಯದಲ್ಲಿ ಒಂದು ಸಾಧಾರಣ ಸಂಜೆಯ ಪ್ರಸಂಗವಿದೆ. ಶ್ರಾವಸ್ತಿಯಲ್ಲಿ ವಿಶಾಖೆ ಕಟ್ಟಿಸಿಕೊಟ್ಟ ಪೂರ್ವಾರಾಮ. ವಯಸ್ಸಾದ ಭಗವಾನರು ಇಳಿಬಿಸಿಲಿಗೆ ಬೆನ್ನು ಕಾಯಿಸುತ್ತಾ ಕುಳಿತಿದ್ದಾರೆ. ಆನಂದ ಅವರ ಕೈಕಾಲು ಒತ್ತುತ್ತಾ, ಮೈಬಣ್ಣ ಮಾಸಿದೆ, ಚರ್ಮ ಸುಕ್ಕಾಗಿದೆ, ಬೆನ್ನು ಬಾಗಿದೆ ಎಂದು ಅಚ್ಚರಿಪಡುತ್ತಾನೆ. ಬುದ್ಧರು ಕೋಪಿಸಿಕೊಳ್ಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ಹೌದು ಆನಂದ, ಯೌವನದೊಳಗೇ ಮುಪ್ಪಿದೆ, ಆರೋಗ್ಯದೊಳಗೇ ರೋಗವಿದೆ ಎಂದು ಒಪ್ಪಿಕೊಳ್ಳುತ್ತಾರೆ.

ಈಗ ನಮ್ಮಲ್ಲಿ ಬೆನ್ನು ಕಾಯಿಸಲು ಆ ಬಿಸಿಲೂ ಇಲ್ಲ. ಮೇ ತಿಂಗಳ ಮೋಡ ಬೆಳಿಗ್ಗೆಯಿಂದಲೇ ಕವಿದಿರುತ್ತದೆ. ಮಳೆ ಬಾರದು, ಧಗೆ ಇಳಿಯದು. ಬಳಗದ ಹಿರಿಯರೊಬ್ಬರು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿ ದುಡಿದು 60ಕ್ಕೆ ನಿವೃತ್ತರಾದವರು. ಮೊನ್ನೆ ಹೇಳಿದರು: "ಮೇಷ್ಟ್ರೇ, ಪೇಪರ್ ಓದಿ ಮುಗಿಸಿದ್ರೂ ಇನ್ನೂ ಎಂಟೂವರೆ. ಸಂಜೆ ತನಕ ಏನ್ ಮಾಡ್ಲಿ? ನನ್ನಿಂದ ಇನ್ಯಾರಿಗೆ ಏನಾಗ್ಬೇಕು?"

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರ ತಂದೆಗೆ ನಿವೃತ್ತಿ ಎಂಬ ಪದವೇ ಗೊತ್ತಿರಲಿಲ್ಲ. ಜೀತಕ್ಕಿದ್ದವರು ಮೈಯಲ್ಲಿ ಕಸುವಿರುವ ತನಕ ದುಡಿದರು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದೇ 1976ರಲ್ಲಿ. ವಾನಪ್ರಸ್ಥದ ಮಾತು ಶಾಸ್ತ್ರಗಳಲ್ಲಿತ್ತು, ನಮ್ಮ ಕೇರಿಗೆ ಬರಲಿಲ್ಲ. ಪಿಂಚಣಿ ಪಡೆದು ಮನೆಯಲ್ಲಿ ಕೂರುವುದು ನಮ್ಮಲ್ಲಿ ಎಷ್ಟೋ ಮನೆಗಳಿಗೆ ಮೊದಲ ಅನುಭವ. ದುಡಿಯುವುದನ್ನು ಹಿರಿಯರಿಂದ ಕಲಿತೆವು. ಸುಮ್ಮನೆ ಕೂರುವುದನ್ನು ಕಲಿಸಿಕೊಡಲು ಯಾರೂ ಇರಲಿಲ್ಲ.

ಹಾಗಾದರೆ ಈ ಬೇಸರ ಹಿಂದಿನ ಜನ್ಮದ ಕರ್ಮವೇ? ಅಲ್ಲ. ಬುದ್ಧರು ಕಾರಣ ಹುಡುಕು ಎಂದರು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿತ್ತು, ಈಗಿಲ್ಲ. ಮಾತಾಡಿಸುವ ಹತ್ತು ಜನ ಇದ್ದರು, ಈಗಿಲ್ಲ. ಮಂಡಿ ನೋಯುತ್ತದೆ, ಧಗೆಗೆ ನಿದ್ದೆ ಬರುವುದಿಲ್ಲ. ಇವೆಲ್ಲ ಸೇರಿ ಬೇಸರ ಹುಟ್ಟಿದೆ. ಕಾರಣಗಳಿಂದ ಹುಟ್ಟಿದ್ದು ಕಾರಣ ಬದಲಾದರೆ ಬದಲಾಗುತ್ತದೆ.

ಹುದ್ದೆಗೆ ನಿವೃತ್ತಿ ಉಂಟು, ಮೈತ್ರಿಗೆ ಇಲ್ಲ. 80ರ ಬುದ್ಧರು ಕುಶಿನಾರದಲ್ಲಿ ಕೊನೆಯುಸಿರಿನ ಹೊತ್ತಿನಲ್ಲಿದ್ದಾಗ ಸುಭದ್ರ ಎಂಬ ಪರಿವ್ರಾಜಕ ಸಂದೇಹ ಹೊತ್ತು ಬಂದ. ಆನಂದ ತಡೆದ. ಬುದ್ಧರು ಹತ್ತಿರ ಕರೆಸಿ ಉತ್ತರಿಸಿದರು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದಾಗ ಮಧುಮೇಹದಿಂದ ಬಳಲಿದ್ದರು. ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದುವ ಹಿಂದಿನ ರಾತ್ರಿಯೂ 'ಬುದ್ಧ ಮತ್ತು ಆತನ ಧಮ್ಮ'ದ ಪ್ರಸ್ತಾವನೆಯನ್ನು ತರಿಸಿಕೊಂಡು ನೋಡಿದರು.

ಇದರರ್ಥ ಹಿರಿಯರು ಕೊನೆತನಕ ದುಡಿಯಲೇಬೇಕು ಎಂದಲ್ಲ. ಇಳಿಬಿಸಿಲಿಗೆ ಕುಳಿತವರೂ ಸುಭದ್ರನನ್ನು ಕರೆಸಿಕೊಂಡವರೂ ಒಬ್ಬರೇ ಬುದ್ಧರು. ವಿಶ್ರಾಂತಿ ನಿಮ್ಮ ಹಕ್ಕು, ದಣಿದು ಗಳಿಸಿದ್ದು. ನಾನು ಯಾರಿಗೂ ಬೇಡ ಎಂಬುದು ಮಾತ್ರ ನಿಜವಲ್ಲ.

ನಿವೃತ್ತರು ಇಂದು ಇಷ್ಟು ಮಾಡಿ ನೋಡಿ. ಕಾಲು ಗಂಟೆ ಉಸಿರಿನ ಮೇಲೆ ಗಮನವಿಟ್ಟು ಕುಳಿತುಕೊಳ್ಳಿ. ಬೇಸರ ಬಂದರೆ 'ಬೇಸರ ಬಂದಿದೆ' ಎಂದು ತಿಳಿಯಿರಿ, ಅದರ ಜೊತೆ ಜಗಳ ಬೇಡ. ಆಮೇಲೆ ರಜೆಯಲ್ಲಿರುವ ಒಂದು ಮಗುವನ್ನು ಕೂರಿಸಿಕೊಂಡು ನೀವು ಶಾಲೆಗೆ ಹೋದ ಬಗೆಯನ್ನು ಹೇಳಿ. ಹೊರಗೆ ಕೂರಿಸಿದ್ದು, ಆದರೂ ಅಕ್ಷರ ಬಿಡದಿದ್ದದ್ದು, ಎಲ್ಲವನ್ನೂ ಹೇಳಿ. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನೀವು ಹೇಳದಿದ್ದರೆ ನಿಮ್ಮೊಂದಿಗೇ ಹೋಗುತ್ತದೆ.

ಕಿರಿಯರೇ, ಆನಂದ ಕೈಕಾಲು ಒತ್ತುತ್ತಾ ಜೊತೆಗೇ ಕುಳಿತಿದ್ದ. ಇಂದು ಒಬ್ಬ ಹಿರಿಯರ ಮನೆಗೆ ಹೋಗಿ ಬನ್ನಿ. ಫಾರ್ವರ್ಡ್ ಕಳಿಸಿದರೆ ಸಾಲದು.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.