ಎದುರುಗಾಳಿಯ ರಸ

ಹಾಯಿಹಡಗನ್ನು ವಸ್ತುವಾಗಿ ಉಳ್ಳ ವಿಡಿಯೋ ಗೇಮುಗಳ ವಿಷಯದಲ್ಲಿ, ಆಡುವವರೊಳಗೂ ರಚಿಸುವವರೊಳಗೂ ಬಹುಕಾಲದಿಂದ ನಡೆದುಬಂದಿರುವ ಒಂದು ವಿವಾದವುಂಟು. ಗಾಳಿ, ಅಲೆ, ಹಗ್ಗ, ಹಾಯಿಗಳು ಸಮುದ್ರದಲ್ಲಿ ಹೇಗಿವೆಯೋ ಆಟದಲ್ಲಿಯೂ ಹಾಗೆಯೇ ಇರತಕ್ಕದ್ದೆಂದು ಒಂದು ಪಕ್ಷ. ವಿನೋದಕ್ಕಾಗಿ ಕುಳಿತವನ ತಲೆಯ ಮೇಲೆ ನಾವಿಕನ ಕಷ್ಟವನ್ನೇಕೆ ಹೊರಿಸಬೇಕೆಂದು ಇನ್ನೊಂದು ಪಕ್ಷ. ಯಥಾರ್ಥತೆ ಏರಿದಷ್ಟೂ ವಿನೋದ ಇಳಿಯುವುದೆಂಬ ಗ್ರಹಿಕೆಯನ್ನು ಮಾತ್ರ ಉಭಯಪಕ್ಷದವರೂ ಒಪ್ಪಿಕೊಂಡೇ ವಾದಕ್ಕೆ ಇಳಿಯುತ್ತಾರೆ. ಆ ಗ್ರಹಿಕೆಯೇ ತಪ್ಪೆಂಬುದು ನನ್ನ ಮತ. ಅದಕ್ಕೆ ಆಧಾರ ದೊರೆಯುವುದು ಕಡಲಿನ ಸೋಂಕೇ ಇಲ್ಲದ ರಾಯಚೂರು ಸೀಮೆಯಲ್ಲಿ.

ಉತ್ತರದಲ್ಲಿ ದೇವದುರ್ಗದ ಅಂಚನ್ನು ತೊಳೆಯುವ ಕೃಷ್ಣೆ, ದಕ್ಷಿಣದಲ್ಲಿ ಮಾನ್ವಿಯ ಸೀಮೆಯನ್ನು ಸವರಿ ಹೋಗುವ ತುಂಗಭದ್ರೆ, ಇವೆರಡರ ನಡುವೆ ರಾಯಚೂರಿನ ಕೋಟೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಬಡಕಲಾಗಿ ಹರಿದು, ಮಳೆಗಾಲದಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟೊಡನೆ ಹೂವಿನಹೆಡಗಿಯ ಸೇತುವೆಯನ್ನೇ ಮುಳುಗಿಸಬಲ್ಲ ಕೃಷ್ಣೆಯಂಥ ಹೊಳೆಗೆ ಹಾಯಿ ಒಗ್ಗುವುದಲ್ಲ. ಇಲ್ಲಿಯ ನಾವೆ ಹರಿಗೋಲು. ವಿಜಯನಗರದ ಬಳಿ ಇದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ಈ ನಾವೆ ಹದಿನೈದು ಇಪ್ಪತ್ತು ಮಂದಿಯನ್ನು ಹೊರುವುದೆಂದೂ, ನೆಟ್ಟಗೆ ಸಾಗಲಾರದೆ ಸದಾ ತಿರುಗುತ್ತಲೇ ಇರುವುದೆಂದೂ ಬರೆದಿಟ್ಟಿದ್ದಾನೆ. ತೊಗಲಿನ ಸ್ಥಾನಕ್ಕೆ ಈಗ ಪ್ಲಾಸ್ಟಿಕ್ಕು ಬಂದಿದೆ, ತಿರುಗುವುದು ಬದಲಾಗಿಲ್ಲ. ಹೊಸಬನ ಕೈಗೆ ಹುಟ್ಟು ಕೊಟ್ಟರೆ ಹರಿಗೋಲು ನಿಂತಲ್ಲೇ ಸುತ್ತುತ್ತದೆ. ಅಂಬಿಗನಾದರೋ ಮೊದಲು ದಡದ ಮಗ್ಗುಲಲ್ಲೇ ಹೊಳೆಯ ಮೇಲುಭಾಗಕ್ಕೆ ಸಾಗಿ, ಅಲ್ಲಿಂದ ಓರೆಯಾಗಿ ಸೆಳವಿಗೆ ಬಿಟ್ಟು, ನೀರು ತನ್ನನ್ನು ಎಷ್ಟು ಕೆಳಕ್ಕೆ ಒಯ್ಯುವುದೆಂಬ ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕಿ, ಎದುರುದಡದಲ್ಲಿ ತಾನೆಣಿಸಿದ ಕಲ್ಲಿಗೇ ಹೋಗಿ ಹತ್ತುತ್ತಾನೆ. ಆ ಕ್ಷಣದಲ್ಲಿ ಅವನ ಮುಖದಲ್ಲಿ ಮೂಡುವ ಹರ್ಷಕ್ಕೆ ಕಾರಣ ಸೆಳವೇ. ಸೆಳವನ್ನು ತೆಗೆದುಹಾಕಿದರೆ ದಾಟುವುದು ಸುಲಭವಾದೀತು, ಹರ್ಷ ಮಾತ್ರ ಉಳಿಯದು.

ಈ ದೃಷ್ಟಿಯಿಂದ ನೋಡಿದರೆ ಪ್ರಸಿದ್ಧವಾದ ಕೆಲವು ಆಟಗಳ ಗುಣದೋಷ ಸ್ಪಷ್ಟವಾಗುತ್ತದೆ. ನಿಂಟೆಂಡೊ ಸಂಸ್ಥೆ 2002ರಲ್ಲಿ ಹೊರತಂದ ‘ದಿ ವಿಂಡ್ ವೇಕರ್’ ಆಟದಲ್ಲಿ ದಿಕ್ಕು ಬದಲಿಸಬೇಕಾದಾಗಲೆಲ್ಲ ಮಾಂತ್ರಿಕ ಕೋಲನ್ನಾಡಿಸಿ ಗಾಳಿಯನ್ನು ತಿರುಗಿಸಿಕೊಳ್ಳಬೇಕಿತ್ತು. 2013ರ ಪರಿಷ್ಕೃತ ಆವೃತ್ತಿಯಲ್ಲಿ, ಗಾಳಿ ಸದಾ ಬೆನ್ನ ಹಿಂದೆಯೇ ಬೀಸುವಂತೆ ಮಾಡುವ ವೇಗದ ಹಾಯಿಯೊಂದು ಬಂದಿತು. ಬೇಸರ ತಗ್ಗಿತೆಂಬುದು ನಿಜವೇ. ಆದರೆ ಸದಾ ಅನುಕೂಲವಾಗಿರುವ ಗಾಳಿ ಕೇವಲ ಚಿತ್ರಾಲಂಕಾರ. 1987ರ ‘ಸಿಡ್ ಮೈಯರ್ಸ್ ಪೈರೇಟ್ಸ್!’ ಇದಕ್ಕಿಂತ ಬಹಳ ಹಳೆಯದು, ಚಿತ್ರಗಳಲ್ಲಿ ಬಡವಾದುದು. ಆದರೂ ಕೆರಿಬಿಯನ್ ಸಮುದ್ರದಲ್ಲಿ ಗಾಳಿಗೆ ಎದುರಾಗಿ ಮೂಡಲಿಗೆ ಸಾಗುವುದು ದುಸ್ಸಾಧ್ಯವೆಂಬ ಒಂದು ಸತ್ಯವನ್ನು ಅದು ಕೈಬಿಡಲಿಲ್ಲ, ತಿಂಗಳುಗಳನ್ನು ನಿಮಿಷಗಳಿಗೆ ಇಳಿಸಿದರೂ ಬಿಡಲಿಲ್ಲ. 2018ರ ‘ಸೀ ಆಫ್ ಥೀವ್ಸ್’ನಲ್ಲಿ ಚುಕ್ಕಾಣಿ ಹಿಡಿದವನ ಕಣ್ಣಿಗೆ ಹಾಯಿಯೇ ಅಡ್ಡವಾಗುತ್ತದೆ, ಆದುದರಿಂದ ಮುಂದೆ ನಿಂತ ಸಂಗಾತಿ ಕೂಗಿ ಹೇಳಲೇಬೇಕಾಗುತ್ತದೆ. ಒಂದು ನಿಜವಾದ ಅಡಚಣೆ ಅಲ್ಲಿ ಸ್ನೇಹವಾಗಿ ಪರಿಣಮಿಸುತ್ತದೆ.

ನಮ್ಮ ಅಲಂಕಾರಶಾಸ್ತ್ರಕ್ಕೆ ಈ ಸಮಸ್ಯೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಲೋಕಧರ್ಮಿ, ನಾಟ್ಯಧರ್ಮಿ ಎಂಬ ಎರಡು ರೀತಿಗಳನ್ನು ಹೇಳಿ, ರಂಗದ ಮೇಲೆ ಸುತ್ತಿ ನಡೆದರೆ ದೂರದ ಊರನ್ನು ಮುಟ್ಟಿದಂತಾಯಿತೆಂದು ಒಪ್ಪಿಕೊಂಡಿತು. ಈ ಸೀಮೆಯ ದೊಡ್ಡಾಟದಲ್ಲಿ ರಂಗದ ಮೇಲೆ ಹೆಜ್ಜೆ ಹಾಕುವ ರಾಜನು ಕಾಡನ್ನು ದಾಟಿದನೆಂದು ನಂಬಲು ನಮ್ಮ ಹಳ್ಳಿಗರಿಗೆ ಕಾಡು ಬೇಕಾಗುವುದಿಲ್ಲ. ಆದರೆ ಆ ರಾಜನ ಶೋಕ ಸುಳ್ಳೆನಿಸಿದರೆ ಅವರು ಎದ್ದು ಹೋಗುತ್ತಾರೆ. ದೂರವನ್ನು ಸಂಕ್ಷೇಪಿಸಬಹುದು, ಭಾವವನ್ನು ಸಂಕ್ಷೇಪಿಸಲಾಗದು. ಆಟದಲ್ಲಿ ಭಾವದ ಆ ಸ್ಥಾನದಲ್ಲಿ ನಿಲ್ಲುವುದು ಆಡುವವನ ನಿರ್ಧಾರ. ಯಾವ ಸಂಗತಿಯನ್ನು ತಿಳಿದುದರಿಂದ ಅವನ ನಿರ್ಧಾರ ಬದಲಾಗುವುದೋ ಅದು ಉಳಿಯಬೇಕು. ಯಾವ ಶ್ರಮವನ್ನು ಎಂಥ ಕೌಶಲದಿಂದಲೂ ಕಡಿಮೆ ಮಾಡಲಾಗದೋ ಅದನ್ನು ನಿಸ್ಸಂಕೋಚವಾಗಿ ಮೊಟಕುಗೊಳಿಸಬಹುದು.

ಒಂದು ಉದಾಹರಣೆಯನ್ನು ನೋಡೋಣ. 1520ರಲ್ಲಿ ರಾಯಚೂರಿನ ಕೋಟೆಗಾಗಿ ಆದಿಲಶಾಹಿಯೊಡನೆ ಹೋರಾಡಿದ ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರದ ಸೈನ್ಯಕ್ಕೆ ಬೇಕಾದ ಉತ್ತಮ ಕುದುರೆಗಳು ಹೊರ್ಮುಜಿನಿಂದ ಹಾಯಿಹಡಗುಗಳಲ್ಲಿ ಬರುತ್ತಿದ್ದವು. ಮುಂಗಾರಿನ ನೈರುತ್ಯ ಗಾಳಿಯ ಉಗ್ರತೆಯಲ್ಲಿ ಪಶ್ಚಿಮ ತೀರದ ಬಂದರುಗಳು ಮುಚ್ಚುತ್ತಿದ್ದವು. ಆ ವ್ಯಾಪಾರವನ್ನು ಯಾರಾದರೂ ಆಟವಾಗಿ ರಚಿಸಿದರೆ, ಬಂದರು ತೆರೆಯುವವರೆಗೆ ತಿಂಗಳುಗಟ್ಟಲೆ ಕಾಯುವುದನ್ನು ಒಂದು ಕ್ಷಣಕ್ಕೆ ಇಳಿಸಲಿ. ಋತುವನ್ನೇ ಅಳಿಸಬಾರದು, ಏಕೆಂದರೆ ಯಾವಾಗ ಹೊರಡಬೇಕೆಂಬುದೇ ಆ ವ್ಯಾಪಾರಿಯ ಬುದ್ಧಿಗೆ ಒರೆಗಲ್ಲಾಗಿತ್ತು. ದಿನವಿಡೀ ದುಡಿದು ದಣಿದವನಿಗೆ ಇಷ್ಟೆಲ್ಲ ಏಕೆಂಬ ಆಕ್ಷೇಪ ನ್ಯಾಯವಾದದ್ದು. ಅವನಿಗಾಗಿ ಗಾಳಿಯ ಬಿರುಸನ್ನು ತಗ್ಗಿಸಬಹುದು. ಗಾಳಿಯನ್ನೇ ಇಲ್ಲವಾಗಿಸುವುದು ಅವನಿಗೆ ಮಾಡುವ ಉಪಕಾರವಲ್ಲ.

ಮರಣವನ್ನು ಮಾತ್ರ ಆಟವು ಲಘುವಾಗಿಸಲೇಬೇಕು, ಅದು ಆಟದ ಧರ್ಮ. ಆದರೂ ಕೃಷ್ಣೆಯ ನಡುಗಡ್ಡೆಯಾದ ಕುರ್ವಕುಲದಂಥ ಊರಿನವರಿಗೆ ಪ್ರವಾಹದ ದಿನಗಳಲ್ಲಿ ಹರಿಗೋಲು ಹತ್ತುವುದು ವಿನೋದವಲ್ಲವೆಂಬುದನ್ನು ರಚಿಸುವವನು ಮರೆಯಬಾರದು. ಅವರಿಗೆ ಬೇಕಾಗಿರುವುದು ಸೇತುವೆ.

2019ರಲ್ಲಿ ಸ್ಥಾಪಿತವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದು ರಾಯಚೂರಿನಲ್ಲಿ ನಡೆಯುತ್ತಿದೆ. ಅಲ್ಲಿ ಕಲಿಯುವ ತರುಣ ತರುಣಿಯರು ಹರಿಗೋಲಿನ ಆಟವೊಂದನ್ನು ಕಟ್ಟಲಿ. ಕಟ್ಟುವ ಮೊದಲು ಕೃಷ್ಣೆಯ ದಡದ ಅಂಬಿಗರ ಬಳಿ ಕುಳಿತು, ಸೆಳವು ಎಲ್ಲಿ ತಿರುಗುತ್ತದೆ, ಸುಳಿ ಎಲ್ಲಿದೆ, ಮಡು ಎಲ್ಲಿದೆ ಎಂದು ಕೇಳಿ ತಿಳಿಯಲಿ. ಮತ್ತು ಆಡುವವನು ಹುಟ್ಟು ಹಿಡಿದ ಮೊದಲ ಸಲ ಹರಿಗೋಲು ತಿರುಗಿಯೇ ತಿರುಗುವಂತೆ ಮಾಡಲಿ.