ಕಾಣದವರ ದುಡಿಮೆ ಮತ್ತು ವ್ಯಾಪಾರಧರ್ಮ

ಮುಖ ಕಂಡು ವ್ಯವಹರಿಸಿದವರ ನಡುವೆ ಮಾತ್ರ ನೈತಿಕ ಹೊಣೆ ಹುಟ್ಟುತ್ತದೆಯೇ, ಅಥವಾ ಎಂದೂ ಕಾಣದವರ ದುಡಿಮೆಯ ಫಲವನ್ನು ಉಣ್ಣುವವರಿಗೂ ಆ ಹೊಣೆಯಲ್ಲಿ ಪಾಲಿದೆಯೇ ಎಂಬ ಪ್ರಶ್ನೆಗೆ ಮಧ್ಯ ಏಷ್ಯಾದ ರೇಷ್ಮೆ ಮಾರ್ಗವೂ ಇಂದಿನ ಹಡಗು ಸಾಗಣೆಯೂ ಎರಡು ಬಗೆಯ ಸಾಕ್ಷ್ಯವನ್ನು ಒದಗಿಸುತ್ತವೆ.

ರೇಷ್ಮೆ ಮಾರ್ಗದಲ್ಲಿ ಸಾರ್ಥಗಳು, ಅಂದರೆ ಒಟ್ಟಾಗಿ ಪಯಣಿಸುವ ವರ್ತಕರ ತಂಡಗಳು, ಸರಕನ್ನು ಊರಿಂದೂರಿಗೆ ಸಾಗಿಸುತ್ತಿದ್ದವು. ಕೊಳ್ಳುವವರೂ ಮಾರುವವರೂ ಎದುರುಬದುರು ನಿಂತು ವ್ಯವಹರಿಸುತ್ತಿದ್ದರು. ಬೌದ್ಧಧರ್ಮ ಚೀನಾವನ್ನು ತಲುಪಿದ್ದು ಬಹುಮಟ್ಟಿಗೆ ಈ ದಾರಿಗಳಲ್ಲೇ. ಆದರೆ ಮುಖಾಮುಖಿ ವ್ಯವಹಾರದಿಂದಲೇ ಧರ್ಮ ಉಳಿಯುತ್ತದೆಂಬ ನಂಬಿಕೆಗೆ ಇಂದಿನ ಚೀನಾದ ವಾಯವ್ಯದ ತುರ್ಫಾನ್‌ನಲ್ಲಿ ದೊರೆತ, ಮಧ್ಯ ಏಷ್ಯಾದ ವರ್ತಕರ ಸೊಗ್ದಿಯನ್ ಭಾಷೆಯ, ಕ್ರಿ.ಶ. 639ರ ಕರಾರುಪತ್ರವೊಂದು ಅಡ್ಡ ಬರುತ್ತದೆ. ಸಮರ್ಕಂಡದ ವ್ಯಕ್ತಿಯೊಬ್ಬ ಉಪಚ್ ಎಂಬ ದಾಸಿಯನ್ನು 120 ಬೆಳ್ಳಿ ನಾಣ್ಯಗಳಿಗೆ ಮಾರಿದ್ದನ್ನು ಈ ಪತ್ರ ದಾಖಲಿಸುತ್ತದೆ. ಅವಳನ್ನು ಹೊಡೆಯುವ, ಕಟ್ಟಿಹಾಕುವ, ಮಾರುವ, ಒತ್ತೆ ಇಡುವ ಹಕ್ಕುಗಳನ್ನು ಕೊಂಡವನಿಗೆ ಒಂದೊಂದಾಗಿ ಹೆಸರಿಸಿ ಕೊಡುತ್ತದೆ. ಕೊಂಡವನು ಒಬ್ಬ ಬೌದ್ಧ ಶ್ರಮಣ. ಗೃಹಸ್ಥರಾದ ಉಪಾಸಕರಿಗೂ ಜೀವಿಗಳ ವ್ಯಾಪಾರ ಸಲ್ಲದೆಂದು ಬೌದ್ಧ ಆಗಮವಾದ ಅಂಗುತ್ತರ ನಿಕಾಯ ಹೇಳಿದ್ದರೂ, ಕಣ್ಣೆದುರೇ ನಿಂತಿದ್ದ ಉಪಚ್‌ಳ ಮುಖ ಆ ಶ್ರಮಣನನ್ನು ತಡೆಯಲಿಲ್ಲ.

ಇಂದಿನ ಸಾಗಣೆಯಲ್ಲಿ ಆ ಮುಖವೂ ಕಾಣುವುದಿಲ್ಲ. ಪರಿಮಾಣದ ಲೆಕ್ಕದಲ್ಲಿ ಜಗತ್ತಿನ ವ್ಯಾಪಾರದ ಶೇಕಡಾ 80ಕ್ಕೂ ಹೆಚ್ಚು ಪಾಲು ಸಮುದ್ರದ ಮೇಲೆ ನಡೆಯುತ್ತದೆ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿದ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗಿನ ಒಡೆತನ ಜಪಾನಿನದು, ಅದನ್ನು ಓಡಿಸುತ್ತಿದ್ದ ಸಂಸ್ಥೆ ತೈವಾನಿನದು, ನಿರ್ವಹಣೆ ಜರ್ಮನ್ ಸಂಸ್ಥೆಯದು, ನೋಂದಣಿ ಪನಾಮಾದ್ದು, ಅದರಲ್ಲಿದ್ದ 25 ನಾವಿಕರು ಭಾರತೀಯರು. ಆರು ದಿನಗಳಲ್ಲಿ ಹಡಗು ತೇಲಿತಾದರೂ, ಪರಿಹಾರದ ವ್ಯಾಜ್ಯದಿಂದಾಗಿ ಜುಲೈವರೆಗೆ ಅದು ಈಜಿಪ್ಟ್ ಬಿಡುವಂತಿರಲಿಲ್ಲ. ಹೊಣೆ ಇಷ್ಟು ಕೈಗಳಿಗೆ ಹಂಚಿಹೋದಾಗ ಪ್ರತಿಯೊಬ್ಬರಿಗೂ ಅದು ಬೇರೆಯವರದೆಂದು ತೋರುವುದು ಸಹಜ.

ಪ್ರತೀತ್ಯಸಮುತ್ಪಾದ, ಅಂದರೆ ಯಾವುದೂ ತನ್ನಷ್ಟಕ್ಕೆ ತಾನೇ ಹುಟ್ಟದೆ ಅನ್ಯ ಕಾರಣಗಳನ್ನು ಆಶ್ರಯಿಸಿಯೇ ಹುಟ್ಟುತ್ತದೆ ಎಂಬ ಬೌದ್ಧ ತತ್ತ್ವ, ಮೂಲತಃ ದುಃಖದ ಉಗಮವನ್ನು ವಿವರಿಸುವುದಕ್ಕಾಗಿ ಬಂದದ್ದು. ಅದನ್ನು ವ್ಯಾಪಾರಕ್ಕೆ ಅನ್ವಯಿಸಿದರೆ, ಅಗ್ಗದ ಬೆಲೆಯ ಕಾರಣಗಳಲ್ಲಿ ನಾವಿಕನ ದುಡಿಮೆಯೂ ಸೇರಿದೆ, ಆ ದುಡಿಮೆಯ ಕಾರಣಗಳಲ್ಲಿ ಕೊಳ್ಳುವವರ ಬೇಡಿಕೆಯೂ ಸೇರಿದೆ ಎಂಬುದು ಸ್ಪಷ್ಟವಾಗುತ್ತದೆ. ಕಂಡದ್ದರಿಂದಲೇ ಕರುಣೆ ಹುಟ್ಟುವುದಿಲ್ಲವೆಂಬುದಕ್ಕೆ ಉಪಚ್ ಸಾಕ್ಷಿ. ಆದ್ದರಿಂದ ಕಾಣಲಿಲ್ಲವೆಂಬುದು ಹೊಣೆಯಿಂದ ಬಿಡುಗಡೆಯೂ ಆಗಲಾರದು. ದಯೆ ಎಟುಕದ ದೂರದಲ್ಲಿ ನಿಯಮವೇ ಧರ್ಮದ ಕೆಲಸ ಮಾಡಬೇಕಾಗುತ್ತದೆ. ನಾವಿಕರ ವೇತನ, ವಿಶ್ರಾಂತಿ ಮತ್ತು ಮನೆಗೆ ಮರಳುವ ಹಕ್ಕನ್ನು ಗುರುತಿಸುವ 2006ರ ಸಮುದ್ರ ಕಾರ್ಮಿಕ ಒಡಂಬಡಿಕೆ 2013ರಿಂದ ಜಾರಿಯಲ್ಲಿದೆ. ಅದನ್ನು ಅಕ್ಷರಶಃ ಪಾಲಿಸುವಂತೆ ಒತ್ತಾಯಿಸುವುದು ಕಡಲಾಚೆಯ ಸರಕನ್ನು ಬಳಸುವ ಪ್ರತಿಯೊಂದು ಸಮಾಜದ ಕರ್ತವ್ಯ.